ಅಮ್ಮನ ಮಗ್ಗಿ, ಜರ್ಮನ್ ಬಿಲ್ಲೆ

ಕಿಂಗ್‌ಡೊಮಿನೊ ಆಟ ಮುಗಿದು ಲೆಕ್ಕ ಶುರುವಾದಾಗ ನಾವೆಲ್ಲ ಅಮ್ಮನ ಕಡೆ ತಿರುಗುತ್ತೇವೆ. ಆ ಆಟದಲ್ಲಿ ಪ್ರತಿಯೊಬ್ಬರೂ ಎರಡೆರಡು ಮನೆಯ ಬಿಲ್ಲೆಗಳನ್ನು ಜೋಡಿಸುತ್ತಾ ಐದಕ್ಕೆ ಐದು ಮನೆಯ ಪುಟ್ಟ ರಾಜ್ಯ ಕಟ್ಟುತ್ತಾರೆ. ಹೊಲ, ಕಾಡು, ಕೆರೆ, ಹುಲ್ಲುಗಾವಲು, ಜೌಗು, ಗಣಿ. ಒಂದೇ ಬಗೆಯ ಮನೆಗಳು ಎಷ್ಟು ಒಟ್ಟಿಗೆ ಸೇರಿವೆ, ಅವುಗಳಲ್ಲಿ ಕಿರೀಟ ಎಷ್ಟಿವೆ, ಎರಡನ್ನೂ ಗುಣಿಸಿದರೆ ಪಾಯಿಂಟ್. ಮಗಳು ಬೆರಳು ಮಡಿಸುವಷ್ಟರಲ್ಲಿ ಅಮ್ಮ "ಆರ್ ಮೂರ್ಲೆ ಹದಿನೆಂಟು, ನಾಕೆರಡ್ಲೆ ಎಂಟು, ಅಲ್ಲಿಗೆ ಇಪ್ಪತ್ತಾರು" ಎಂದು ರಾಗವಾಗಿ ಹೇಳಿ ಮುಗಿಸಿರುತ್ತಾರೆ.

ನಾವಿರುವುದು ಜರ್ಮನಿಯ ಡ್ಯೂಸೆಲ್‌ಡಾರ್ಫ್‌ನಲ್ಲಿ. ಇಲ್ಲಿನ ಭಾಷೆಯಲ್ಲಿ ಇಪ್ಪತ್ತಾರನ್ನು 'ಆರು ಮತ್ತು ಇಪ್ಪತ್ತು' ಎನ್ನುತ್ತಾರೆ, ಬಿಡಿ ಮೊದಲು, ಹತ್ತು ಆಮೇಲೆ. ಶಾಲೆಯಲ್ಲಿ ಹಾಗೆ ಕಲಿತ ಮಗಳು ಒಮ್ಮೊಮ್ಮೆ 26 ಬರೆಯುವಲ್ಲಿ 62 ಬರೆಯುತ್ತಿದ್ದಳು. ಹಾಸನದಿಂದ ಅಮ್ಮ ಬಂದು ಮೂರು ತಿಂಗಳಿದ್ದ ಆ ಚಳಿಗಾಲದಲ್ಲಿ ಸಂಜೆ ನಾಲ್ಕೂವರೆಗೆಲ್ಲ ಕತ್ತಲಾಗುತ್ತಿತ್ತು, ಮನೆಯಲ್ಲಿ ದಿನಾ ಆಟ. ಅವರು ಊರಿಗೆ ಹೊರಡುವ ಹೊತ್ತಿಗೆ ಮಗಳಿಗೆ ಹತ್ತರವರೆಗೆ ಮಗ್ಗಿ ಕನ್ನಡದಲ್ಲಿ ಬರುತ್ತಿತ್ತು. ನಾನು ಎರಡು ವರ್ಷ ಕೂರಿಸಿ ಹೇಳಿಕೊಟ್ಟರೂ ತಲೆಗೆ ಹತ್ತದೆ ಇದ್ದದ್ದು ಅಜ್ಜಿಯ ಜೊತೆ ಪಾಯಿಂಟ್ ಎಣಿಸಿ ಎಣಿಸಿ ಬಂತು.

ಇಲ್ಲಿ ಮಣೆ ಆಟ ಎಂದರೆ ದೊಡ್ಡವರೂ ಕೂತು ಆಡುವಂಥದ್ದು. 1979ರಿಂದ ಪ್ರತಿವರ್ಷ 'ಶ್ಪೀಲ್ ಡೆಸ್ ಯಾರೆಸ್', ಅಂದರೆ ವರ್ಷದ ಆಟ ಎಂಬ ಪ್ರಶಸ್ತಿ ಕೊಡುತ್ತಾರೆ. ಬಿಲ್ಲೆ ಜೋಡಿಸುವ ಆಟಗಳಿಗೆ ಅದು ಎಷ್ಟೋ ಸಲ ಸಿಕ್ಕಿದೆ: 2001ರಲ್ಲಿ ಕಾರ್ಕಸಾನ್, 2011ರಲ್ಲಿ ಕ್ವರ್ಕಲ್, 2017ರಲ್ಲಿ ಕಿಂಗ್‌ಡೊಮಿನೊ, 2018ರಲ್ಲಿ ಅಜುಲ್. ಪಕ್ಕದ ಎಸೆನ್ ಊರಿನಲ್ಲಿ ಅಕ್ಟೋಬರ್‌ನಲ್ಲಿ ಆಟಗಳದ್ದೇ ಜಾತ್ರೆ ನಡೆಯುತ್ತದೆ. ಸಾರ್ವಜನಿಕ ಗ್ರಂಥಾಲಯದಿಂದ ಪುಸ್ತಕದ ಹಾಗೆಯೇ ಆಟದ ಪೆಟ್ಟಿಗೆಯನ್ನೂ ಮನೆಗೆ ತರಬಹುದು. ಈ ಕೊನೆಯದು ನನಗೆ ತುಂಬಾ ಇಷ್ಟ. ನಮ್ಮ ಜಿಲ್ಲಾ ಗ್ರಂಥಾಲಯಗಳಲ್ಲಿ ಒಂದು ಕಪಾಟು ಆಟಕ್ಕೆಂದು ಇಟ್ಟರೆ ಎಷ್ಟು ಚೆನ್ನ ಎಂದು ಪ್ರತಿ ಸಲ ಅನಿಸುತ್ತದೆ.

ನಮ್ಮ ಚೌಕಾಬಾರಕ್ಕೂ ಇವಕ್ಕೂ ಮೊದಲ ವ್ಯತ್ಯಾಸ ಗರದಲ್ಲಿದೆ. ಕವಡೆ ನಾಲ್ಕೂ ಮೇಲ್ಮುಖವಾದರೆ ಚೌಕ, ನಾಲ್ಕೂ ಮಗುಚಿದರೆ ಬಾರ, ಎಂಟು. ಬಿದ್ದದ್ದು ಎಸೆದವರದು. ಯಾವ ಕಾಯಿ ನಡೆಸಬೇಕು ಎನ್ನುವುದಷ್ಟೇ ಅವರ ಕೈಯಲ್ಲಿರುವುದು. 2017ರಲ್ಲಿ ಬಂದ ಸಗ್ರಾಡಾ ಎಂಬ ಆಟದಲ್ಲಿ ದಾಳ ಯಾರ ಸ್ವತ್ತೂ ಅಲ್ಲ. ಐದು ಬಣ್ಣದ, ಗಾಜಿನ ಹಾಗೆ ಹೊಳೆಯುವ 90 ದಾಳಗಳಿವೆ. ನಾಲ್ವರು ಆಡುವಾಗ ಚೀಲದಿಂದ ಒಂಬತ್ತು ತೆಗೆದು ಎಸೆದು ನಡುವೆ ಬಿಡುತ್ತಾರೆ. ಸರದಿಯಂತೆ ಒಬ್ಬೊಬ್ಬರು ಒಂದೊಂದು ಆರಿಸಬೇಕು. ಕೊನೆಯವರು ಒಂದರ ಹಿಂದೆ ಒಂದು ಎರಡು ಸಲ ಆರಿಸುತ್ತಾರೆ, ಅಲ್ಲಿಂದ ಸರದಿ ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಮೊದಲು ಆರಿಸಿದವರಿಗೆ ಎರಡನೆಯದು ಎಲ್ಲರೂ ಆರಿಸಿದ ಮೇಲೆ. ಆರಿಸಿದ ದಾಳವನ್ನು ತಮ್ಮ ಇಪ್ಪತ್ತು ಮನೆಯ ಕಿಟಕಿಯಲ್ಲಿ ಕೂರಿಸಬೇಕು. ಅಕ್ಕಪಕ್ಕ, ಮೇಲೆ ಕೆಳಗೆ ಒಂದೇ ಬಣ್ಣವಾಗಲಿ ಒಂದೇ ಸಂಖ್ಯೆಯಾಗಲಿ ಬರಕೂಡದು. ಹತ್ತು ಸುತ್ತು, ಸುತ್ತಿಗೆ ಎರಡು ದಾಳ, ಒಟ್ಟು ಇಪ್ಪತ್ತು. ಒಂದು ಸಲ ಕೂರಿಸಲಾಗದೆ ಬಿಟ್ಟರೂ ಒಂದು ಮನೆ ಖಾಲಿ ಉಳಿಯುತ್ತದೆ, ಆ ಮನೆಗೆ ಒಂದು ಪಾಯಿಂಟ್ ಕಳೆಯುತ್ತದೆ.

ಇದನ್ನು ಮೂರು ದಿನ ಆಡಿದ ಮೇಲೆ ಅಮ್ಮ ಅಂದರು: "ಚೆನ್ನಾಗೇನೋ ಇದೆ ಕಣೋ. ಆದ್ರೆ ಅವ್ನ ಕಿಟಕೀಲಿ ಅವ್ನು, ಇವ್ಳ ಕಿಟಕೀಲಿ ಇವ್ಳು. ಒಬ್ರನ್ನೊಬ್ರು ತಲೆ ಎತ್ತಿ ನೋಡಲ್ವಲ್ಲೋ."

ಆ ಮಾತು ನನ್ನೊಳಗೆ ಬಹಳ ದಿನ ಉಳಿಯಿತು. ಮೊದಲು ನಾನು ಅಜುಲ್ ಆಟವನ್ನು ಮುಂದಿಟ್ಟು ವಾದ ಮಾಡಿದೆ. ಪೋರ್ಚುಗಲ್ಲಿನ ಗೋಡೆಗಳ ಬಣ್ಣದ ಬಿಲ್ಲೆಗಳನ್ನು ನೆನೆದು ಮಾಡಿದ ಆಟ ಅದು. ಅಲ್ಲಿಯೂ ಎಲ್ಲರಿಗೂ ಬೇರೆ ಬೇರೆ ಮಣೆ. ಆದರೆ ನಡುವಿನ ತಟ್ಟೆಗಳಿಂದ ಒಂದು ಬಣ್ಣ ಎತ್ತಿದರೆ ಆ ತಟ್ಟೆಯಲ್ಲಿರುವ ಆ ಬಣ್ಣದ್ದಷ್ಟನ್ನೂ ಎತ್ತಲೇಬೇಕು. ಜಾಗ ಸಾಲದೆ ಮಿಕ್ಕದ್ದು ಮಣೆಯ ಕೆಳಗಿನ 'ನೆಲ' ಎಂಬ ಸಾಲಿಗೆ. ನೆಲಕ್ಕೆ ಬಿದ್ದ ಮೊದಲ ಎರಡಕ್ಕೆ ಒಂದೊಂದು, ಮುಂದಿನ ಮೂರಕ್ಕೆ ಎರಡೆರಡು, ಆಮೇಲಿನ ಎರಡಕ್ಕೆ ಮೂರು ಮೂರು ಪಾಯಿಂಟ್ ಕಳೆಯುತ್ತಾ ಏಳಕ್ಕೆ ಹದಿನಾಲ್ಕಾಗುತ್ತದೆ. ಹಾಗಾಗಿ ಪಕ್ಕದವರ ಮಣೆ ನೋಡದೆ ಆಡಿದರೆ ಕೊನೆಗೆ ಬೇಡದ ಐದಾರು ಕೆಂಪು ಬಿಲ್ಲೆ ನಮ್ಮ ತಲೆಗೇ ಬರುತ್ತವೆ. ಅಮ್ಮ ಎರಡು ಆಟದಲ್ಲೇ ಇದನ್ನು ಹಿಡಿದರು. ಆದರೂ "ಇದು ಕದ್ದು ನೋಡೋದು, ಮುಖ ನೋಡೋದಲ್ಲ" ಅಂದರು. ಅವರು ಹೇಳಿದ್ದೇ ಸರಿ ಎಂದು ಈಗ ನನಗೂ ಅನಿಸುತ್ತದೆ.

ಅಮ್ಮನಿಗೆ ಹಿಡಿಸಿದ್ದು ಕಾರ್ಕಸಾನ್. 72 ಬಿಲ್ಲೆ, ಎಲ್ಲರೂ ಸೇರಿ ಕಟ್ಟುವುದು ಒಂದೇ ನೆಲ. ನಾನಿಟ್ಟ ರಸ್ತೆಗೆ ಮಗಳು ತಿರುವು ಕೊಡುತ್ತಾಳೆ, ಅವಳ ಕೋಟೆಗೆ ಮಗ ಗೋಡೆ ಹಚ್ಚುತ್ತಾನೆ. ಕಟ್ಟಿದ್ದರ ಮೇಲೆ ತಮ್ಮ ಮರದ ಗೊಂಬೆ ನಿಲ್ಲಿಸಿದವರಿಗೆ ಲೆಕ್ಕ. ಮುಗಿದ ರಸ್ತೆಗೆ ಬಿಲ್ಲೆಗೆ ಒಂದು, ಮುಗಿದ ಕೋಟೆಗೆ ಬಿಲ್ಲೆಗೆ ಎರಡು, ಅದರಲ್ಲಿ ಗುರಾಣಿಯ ಗುರುತಿದ್ದರೆ ಇನ್ನೆರಡು, ಸುತ್ತಲೂ ಎಂಟು ಬಿಲ್ಲೆ ತುಂಬಿದ ಮಠಕ್ಕೆ ಒಂಬತ್ತು.

ನನ್ನ ಮನಸ್ಸು ಗೆದ್ದ ನಿಯಮ ಬೇರೆ. ಬೇರೆ ಬೇರೆಯಾಗಿ ಶುರುವಾದ ಎರಡು ಕೋಟೆ ಒಂದು ಬಿಲ್ಲೆಯಿಂದ ಕೂಡಿಕೊಂಡರೆ ಹೆಚ್ಚು ಗೊಂಬೆ ಇದ್ದವರಿಗೆ ಪೂರ್ತಿ ಪಾಯಿಂಟ್, ಇನ್ನೊಬ್ಬರಿಗೆ ಏನೂ ಇಲ್ಲ. ಸಮವಾಗಿದ್ದರೆ? ಅರ್ಧ ಅರ್ಧ ಹಂಚುವುದಿಲ್ಲ, ಇಬ್ಬರಿಗೂ ಪೂರ್ತಿ. ಒಂದು ಸಂಜೆ ಅಮ್ಮ ಮೂರು ಸರದಿ ಕಾದು ತಮ್ಮ ಚಿಕ್ಕ ಕೋಟೆಯನ್ನು ಮೊಮ್ಮಗಳ ದೊಡ್ಡ ಕೋಟೆಗೆ ಕೂಡಿಸಿದರು. ಎಂಟು ಬಿಲ್ಲೆ, ಎರಡು ಗುರಾಣಿ. "ಅಜ್ಜೀ, ನನ್ನ ಕೋಟೆ ಕದ್ಬಿಟ್ರಿ!" ಎಂದು ಅವಳು ಕೂಗಿದಳು. "ಕದ್ದಿಲ್ಲ ಪುಟ್ಟಿ, ನಿಂಗೂ ಇಪ್ಪತ್ತು, ನಂಗೂ ಇಪ್ಪತ್ತು. ಇನ್ನು ಇಬ್ರೂ ಸೇರಿ ನಿಮ್ಮಪ್ಪನ್ನ ನೋಡ್ಕೊಳ್ಳೋಣ." ಮಾತು, ಜಗಳ, ಚೌಕಾಸಿ, ಶಿವರಾತ್ರಿ ಜಾಗರಣೆಯಲ್ಲಿ ನಮ್ಮ ಜಗಲಿಯ ಮೇಲೆ ಇದ್ದದ್ದೆಲ್ಲ ಮೇಜಿನ ಮೇಲೆ ಬಂದುಬಿಟ್ಟಿತ್ತು.

ಹೊರನಾಡಿನಲ್ಲಿ ಮಕ್ಕಳಿಗೆ ಆಟ ತರುವವರಿಗೆ ನನ್ನ ಮಾತು ಇಷ್ಟೇ: ಮೊದಲ ಪೆಟ್ಟಿಗೆ ಒಂದೇ ನೆಲದ ಆಟವಾಗಿರಲಿ. ಲೆಕ್ಕವನ್ನು ಮೊಬೈಲಿಗೆ ಕೊಡಬೇಡಿ, ಮನೆಯ ಚಿಕ್ಕವರಿಗೆ ಕೊಡಿ, ಗಟ್ಟಿಯಾಗಿ ಕನ್ನಡದಲ್ಲಿ ಎಣಿಸಲಿ.

ಈ ಊರಿನವರಿಂದ ನಾನು ಕಲಿತದ್ದೂ ಇದೆ. ಇವರು ಆಟ ಶುರುವಾಗುವ ಮುಂಚೆ ನಿಯಮದ ಪುಸ್ತಕ ಓದಿ ಎಲ್ಲರಿಗೂ ಹೇಳುತ್ತಾರೆ, ನಡುವೆ ಬದಲಾಯಿಸುವುದಿಲ್ಲ. ಮಗುವೆಂದು ಸೋತುಕೊಡುವುದೂ ಕಡಿಮೆ, ಯಾಕೆಂದರೆ ಆಟವೇ ಮಗುವನ್ನು ಕೊನೆಯವರೆಗೂ ಕೈಬಿಡುವುದಿಲ್ಲ. ಕಿಂಗ್‌ಡೊಮಿನೊದಲ್ಲಿ ಒಳ್ಳೆಯ ಬಿಲ್ಲೆ ಹಿಡಿದವರು ಮುಂದಿನ ಸಲ ಕೊನೆಯಲ್ಲಿ ಆರಿಸಬೇಕು, ಸಾಧಾರಣದ್ದು ಹಿಡಿದವರು ಮೊದಲು. ಆದರೆ ಕಿರೀಟ ಒಂದೂ ಇಲ್ಲದ ಜಾಗಕ್ಕೆ ಸೊನ್ನೆ. ಆರು ವರ್ಷದ ಮಗ ಒಂಬತ್ತು ಮನೆಯ ಕೆರೆ ಕಟ್ಟಿ ಸೊನ್ನೆ ಪಡೆದ ದಿನ ಅಮ್ಮ ತಡೆಯಲಿಲ್ಲ: "ಅಷ್ಟು ದೊಡ್ಡ ಕೆರೆ ಕಟ್ಟಿದೆ ಕೂಸು. ನಮ್ಮನೇಲಿ ಇದಕ್ಕೆ ಒಂಬತ್ತು." ನಾನು ಪುಸ್ತಕ ತೋರಿಸಿದೆ. "ಚೌಕಾಬಾರಕ್ಕೆ ಯಾವ ಪುಸ್ತಕ ಇತ್ತೋ? ಕಾಯಿ ಕಡಿದ ಮೇಲೇ ಒಳಸುತ್ತಿಗೆ ಅಂತ ನಮ್ಮಮ್ಮ ಅಂತಿದ್ರು, ನಿಮ್ಮಪ್ಪನ ಮನೇಲಿ ಹಾಗಿರ್ಲಿಲ್ಲ." ಅಂದಿನಿಂದ ನಮ್ಮ ಮನೆಯಲ್ಲಿ ದೊಡ್ಡ ಕೆರೆಗೆ ಒಂಬತ್ತು.

ಹೊರಡುವ ಹಿಂದಿನ ವಾರ ಅಮ್ಮ ಪಾರ್ಸೆಲ್ ರಟ್ಟಿನ ಮೇಲೆ ಚೌಕಾಬಾರದ ಮನೆ ಬರೆದರು. ಕವಡೆಯ ಬದಲು ಒಂದು ಬದಿ ತೇಯ್ದ ಹುಣಸೆ ಬೀಜ. ಪಕ್ಕದ ಮನೆಯ ಜರ್ಮನ್ ಹುಡುಗಿ ಬಂದು ಕೂತಳು. ಕಾಯಿ ಕಡಿದ ಕೂಡಲೇ ಅವಳಿಗೆ ಆಟ ಅರ್ಥವಾಯಿತು. ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಇಲ್ಲಿ ಮಾರಾಟದಲ್ಲಿರುವ, 'ಮನುಷ್ಯನೇ, ಸಿಟ್ಟಾಗಬೇಡ' ಎಂಬ ಹೆಸರಿನ ಆಟ ಅವಳ ಮನೆಯಲ್ಲೂ ಇದೆ, ಅದರ ಮೂಲ ನಮ್ಮ ಕಡೆಯ ಪಚ್ಚೀಸಿಯೇ. ಅವಳು ಅಮ್ಮನ ಎರಡು ಕಾಯಿ ಕಡಿದಳು. ಅಮ್ಮ ಅವಳ ಮೂರು ಕಾಯಿ ಕಡಿದು ಒಳಸುತ್ತಿಗೆ ಹೊರಟರು. ಮಾತು ಒಬ್ಬರದು ಒಬ್ಬರಿಗೆ ಬಾರದಿದ್ದರೂ ರಾತ್ರಿ ಎಂಟರವರೆಗೆ ಇಬ್ಬರೂ ಏಳಲಿಲ್ಲ.