ನಗುವಿಗೊಂದು ಕೆಂಪು ವೃತ್ತ

ಯಾರೋ ಒಬ್ಬ ಹೆಂಡತಿ ಗಂಡನನ್ನು ಕೊಂದಿದ್ದಾಳೆ, ಚಾನೆಲ್‌ಗಳಿಗೆ ಹಬ್ಬವೋ ಹಬ್ಬ. ಇವತ್ತಿಗೆ ನಾಲ್ಕನೇ ದಿನ. ಆಕೆಯ ಮದುವೆ ವಿಡಿಯೊವನ್ನು ನಿಧಾನವಾಗಿ ಓಡಿಸಿ, ನಗುವ ತುಟಿಗೊಂದು ಕೆಂಪು ವೃತ್ತ ಎಳೆದಿದ್ದಾರೆ. ವೃತ್ತ ಕಾಣದವರಿಗೆಂದು ಬಾಣವೂ ಇದೆ. ಸಂಚು ಆ ನಗುವಿನಲ್ಲೇ ಇತ್ತಂತೆ! ಕೋಟು ತೊಟ್ಟ ಐವರು ಗಂಡಸರು ಸಾಲಾಗಿ ಕೂತು ‘ಹೆಣ್ಣುಮಕ್ಕಳು ಯಾಕೆ ಹೀಗಾದರು?’ ಎಂದು ಕೊರಗುತ್ತಿದ್ದಾರೆ. ಸತ್ತವನ ಹೆಸರು ಪಾಪ, ಯಾರಿಗೂ ಬೇಕಿಲ್ಲ. ಅಷ್ಟರಲ್ಲಿ ಕೆಳಗಿನ ಪಟ್ಟಿಯಲ್ಲಿ ‘ಮಹಿಳೆಯ ಬರ್ಬರ ಹತ್ಯೆ’ ಎಂಬ ಸಾಲು ಸರಿದುಹೋಯಿತು. ಕೊಂದವನು ಯಾರು? ಆ ಸಾಲಿಗೆ ಕರ್ತೃಪದವೇ ಇಲ್ಲ.

ಗಂಡಸು ಕೊಂದರೆ ಕುಡಿದಿದ್ದ, ಸಾಲವಿತ್ತು, ಪ್ರೀತಿಸಿದವಳು ಕೈಕೊಟ್ಟಿದ್ದಳು. ಹೆಂಗಸು ಕೊಂದರೆ ಕಾಲ ಕೆಟ್ಟಿತು.

ಈ ಕೊರಗಿಗೆ ವಿದ್ವತ್ತಿನ ಪರಂಪರೆಯೇ ಇದೆ ಅನ್ನಿ. 1893ರಲ್ಲಿ ಇಟಲಿಯ ಅಪರಾಧಶಾಸ್ತ್ರಜ್ಞ ಲೊಂಬ್ರೋಸೊ ಮಹಾಶಯರು, ಮುಂದೆ ತಮ್ಮ ಅಳಿಯನಾಗಲಿದ್ದ ಫೆರೆರೊನನ್ನು ಜೊತೆಗೆ ಹಾಕಿಕೊಂಡು ಅಪರಾಧಿ ಹೆಂಗಸರ ತಲೆಬುರುಡೆ ಅಳೆದು ಪುಸ್ತಕವನ್ನೇ ತಂದರು. ಹೆಂಗಸರಲ್ಲಿ ‘ಹುಟ್ಟು ಅಪರಾಧಿಗಳು’, ಅಂದರೆ ಹುಟ್ಟಿನಿಂದಲೇ ಅಪರಾಧದ ಸ್ವಭಾವದವರು, ಕಡಿಮೆ ಕಂಡರು. ಒಳ್ಳೆಯವರೆಂದೇ? ಛೆ, ಛೆ! ಅವರ ವಿಕಾಸವೇ ಅಷ್ಟಕ್ಕೆ ನಿಂತಿದೆಯಂತೆ. ಕೊಲೆ ಮಾಡುವುದಕ್ಕೂ ಒಂದು ಮಟ್ಟ ಬೇಡವೇ! ಅಪ್ಪಿತಪ್ಪಿ ಹುಟ್ಟಿದ ಒಬ್ಬಿಬ್ಬರಂತೂ ಗಂಡಸಿಗಿಂತ ಘೋರ ರಾಕ್ಷಸಿಯರು. 1950ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಒಟ್ಟೊ ಪೊಲಾಕ್ ಇನ್ನೂ ಮುಂದೆ ಹೋದ. ಹೆಂಗಸರ ಅಪರಾಧ ಕಡಿಮೆಯೇನಲ್ಲ, ಮುಚ್ಚಿಡುತ್ತಾರೆ ಅಷ್ಟೇ. ಮುಟ್ಟನ್ನು ಮುಚ್ಚಿಟ್ಟು ಪಳಗಿದವರಲ್ಲವೇ ಎಂದ. ಪುರಾವೆ ಎಲ್ಲಿ ಸ್ವಾಮಿ? ಮುಚ್ಚಿಟ್ಟಿದ್ದಾರೆ ಎಂದ ಮೇಲೆ ಸಿಗುವುದಾದರೂ ಹೇಗೆ!

ವಿಶ್ವಸಂಸ್ಥೆ 2019ರಲ್ಲಿ ಕೊಲೆಗಳ ಬಗ್ಗೆ ಜಾಗತಿಕ ವರದಿಯೊಂದನ್ನು ಹೊರತಂದಿತ್ತು. ಕೊಲೆ ಆರೋಪಿಗಳಲ್ಲಿ ನೂರಕ್ಕೆ ಸುಮಾರು 90 ಮಂದಿ ಗಂಡಸರು. ಕೊಲೆಯಾದವರಲ್ಲೂ ನೂರಕ್ಕೆ ಸುಮಾರು 80 ಗಂಡಸರೇ. ಕೊಲ್ಲುವುದಕ್ಕೂ ಸಾಯುವುದಕ್ಕೂ ನಾವೇ ಮುಂದು. ಇಷ್ಟೊಂದು ಸ್ವಾವಲಂಬನೆಗೆ ಒಂದು ಪ್ರಶಸ್ತಿಯಾದರೂ ಬೇಡವೇ? ‘ಗಂಡುಮಕ್ಕಳು ಯಾಕೆ ಹೀಗಾದರು?’ ಎಂದು ಐವರು ಹೆಂಗಸರನ್ನು ಕೂರಿಸಿ ನಾಲ್ಕು ದಿನ ಚರ್ಚೆ ನಡೆಸಿದ್ದನ್ನು ನಾನಂತೂ ಕಂಡಿಲ್ಲ.

ಅದೇ ವರದಿಯಲ್ಲಿ ಇನ್ನೊಂದು ಲೆಕ್ಕವಿದೆ. 2017ರಲ್ಲಿ ಬಾಳಸಂಗಾತಿಯ ಕೈಯಿಂದ ಸತ್ತವರಲ್ಲಿ ನೂರಕ್ಕೆ 82 ಮಂದಿ ಹೆಂಗಸರು. ಇದರ ಮೇಲೆ ತಮಾಷೆ ಮಾಡಲು ನನಗೆ ಬರುತ್ತಿಲ್ಲ. ಬರೆದೂ ಬರೆದೂ ಸಾಕಾಗಿದೆ. ಅವರಿಗೂ ಮದುವೆಯಾಗಿತ್ತು, ವಿಡಿಯೊ ತೆಗೆಸಿದ್ದರು, ಪಕ್ಕದಲ್ಲಿ ನಿಂತವನು ಹಲ್ಲು ಕಿರಿದೇ ಇದ್ದ. ಅವನ ಹಲ್ಲಿಗೆ ಒಂದು ವೃತ್ತ ಎಳೆಯಲು ಕೆಂಪು ಬಣ್ಣ ಮುಗಿದುಹೋಗಿತ್ತೇ?

ಇರಲಿ, ‘ಈಗಷ್ಟೇ ಬಂದ ಸುದ್ದಿ’ ಬಂದಿದೆ. ಆಕೆಯ ಕಾಲೇಜಿನ ಗೆಳತಿ ಸಿಕ್ಕಿದ್ದಾಳಂತೆ. ಆಗಲೂ ಆಕೆ ನಗುತ್ತಿದ್ದಳಂತೆ.