ರಾತ್ರಿ ಪಾಳಿ ಮುಗಿದ ಮೇಲೊಂದು ಧ್ಯಾನ

ಇಂದು ಬೆಳಿಗ್ಗೆ ಆಸ್ಪತ್ರೆಯ ವಾರ್ಡನ್ನು ಮುಂದಿನ ಪಾಳಿಯವರಿಗೆ ಒಪ್ಪಿಸಿ ಮನೆಗೆ ಹೊರಟಿದ್ದ ರಾತ್ರಿ ಪಾಳಿಯವರನ್ನೆಲ್ಲ ತಡೆದು, ಮೈಂಡ್‌ಫುಲ್‌ನೆಸ್ (ಈ ಕ್ಷಣದತ್ತ ಗಮನವಿಡುವ ಧ್ಯಾನ) ತರಬೇತಿ ಕಡ್ಡಾಯವೆಂದು ಕೂರಿಸಿದರು. ಕಣ್ಣು ಮುಚ್ಚಿ ಉಸಿರನ್ನು ಗಮನಿಸತೊಡಗಿದ ಎರಡೇ ನಿಮಿಷಕ್ಕೆ ನನ್ನ ಪಕ್ಕದಲ್ಲಿದ್ದ ಕಿರಿಯ ಸಹೋದ್ಯೋಗಿ ನಿದ್ದೆಗೆ ಜಾರಿದಳು. ತರಬೇತುದಾರರು ಅವಳನ್ನು ಎಬ್ಬಿಸಿ, "ನಿಮಗೆ ಏಕಾಗ್ರತೆ ಸಾಲದು" ಎಂದರು. ಆತ್ಮಹತ್ಯೆಗೆ ಯತ್ನಿಸಿದ್ದ ರೋಗಿಯೊಬ್ಬರನ್ನು ರಾತ್ರಿಯಿಡೀ ಎವೆಯಿಕ್ಕದೆ ಕಾದು ಬಂದವಳಿಗೆ ಹೇಳಿದ ಮಾತದು! ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ಅಭ್ಯಾಸದ ಬಗ್ಗೆ ನನಗೆ ತಕರಾರಿಲ್ಲ, ಅದು ನನ್ನನ್ನು ಉಳಿಸಿದೆ. ಇದುವರೆಗೆ ಯಾರಿಗೂ ಹೇಳದ ಒಂದು ಸಂಗತಿಯಿದೆ. ಕೆಲವು ವರ್ಷಗಳ ಹಿಂದೆ ರೋಗಿಯೊಬ್ಬರಿಂದ ಪೆಟ್ಟು ತಿಂದ ಮೇಲೆ ನಾನು ವಾರ್ಡಿನಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಲ್ಲರೂ ಬರೀ ಹಾಸಿಗೆ ಸಂಖ್ಯೆಗಳಾಗಿದ್ದರು. ಕ್ರಿಸ್ಟೀನಾ ಮಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ 1981ರಲ್ಲಿ ಪ್ರಕಟಿಸಿದ ಬರ್ನ್‌ಔಟ್ (ಕೆಲಸದ ಒತ್ತಡದಿಂದ ಬಸವಳಿಯುವ ಸ್ಥಿತಿ) ಮಾಪಕವು ಭಾವನಾತ್ಮಕ ಬಳಲಿಕೆ ಮತ್ತು ಸಾಧನೆಯ ಭಾವ ಕುಗ್ಗುವುದರ ಜೊತೆಗೆ, ಎದುರಿಗಿರುವವರನ್ನು ಮನುಷ್ಯರೆಂದು ಕಾಣದ ಈ ನಿರ್ಲಿಪ್ತತೆಯನ್ನೂ ಅಳೆಯುತ್ತದೆ ಎಂದು ಓದಿದಾಗ ನಾಚಿಕೆಯಿಂದ ಅತ್ತಿದ್ದೆ. ಆಮೇಲೆ ಕಲಿತದ್ದು ಇಷ್ಟು: ರೋಗಿಯ ಕೋಣೆಯ ಬಾಗಿಲ ಮುಂದೆ ನಿಂತು, ಪಾದ ನೆಲಕ್ಕೆ ತಾಗಿರುವುದನ್ನು ಗಮನಿಸಿ, ಮೂರು ಉಸಿರು ಎಳೆದು ಬಿಟ್ಟು ಒಳಗೆ ಹೋಗುವುದು. ಬೈಗುಳ ಕಿವಿಗೆ ಬಿದ್ದಾಗ ದವಡೆ ಬಿಗಿಯುವುದು ನನ್ನ ಅರಿವಿಗೆ ಬಂದರೆ ದನಿ ಏರುವ ಮೊದಲೇ ತಗ್ಗಿಸಬಲ್ಲೆ. ಉದ್ರಿಕ್ತ ರೋಗಿ ಶಾಂತವಾಗುವುದೋ ಅವರನ್ನು ಹಿಡಿದು ಕಟ್ಟಿಹಾಕಬೇಕಾಗುವುದೋ ಎಷ್ಟೋ ಸಲ ಆ ದನಿಯ ಮೇಲೆಯೇ ನಿಂತಿರುತ್ತದೆ.

ಆದರೆ ಇದು ನಿದ್ದೆಗೆಟ್ಟ ಒಂದು ಗಂಟೆಯಲ್ಲಿ ಬಂದದ್ದಲ್ಲ. ಜಾನ್ ಕಬಾಟ್-ಜಿನ್ 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ಆರಂಭಿಸಿದ ಮೈಂಡ್‌ಫುಲ್‌ನೆಸ್ ತರಬೇತಿ ಕ್ರಮವು 8 ವಾರಗಳದು. ವಾರಕ್ಕೊಮ್ಮೆ ಸುಮಾರು ಎರಡೂವರೆ ಗಂಟೆಯ ತರಗತಿ, ಒಂದು ಇಡೀ ದಿನದ ಅಭ್ಯಾಸ, ಅದರ ಮೇಲೆ ಮನೆಯಲ್ಲಿ ದಿನವೂ ಮುಕ್ಕಾಲು ಗಂಟೆ. ನಮಗೆ ಕೊಟ್ಟದ್ದು ಅದರ ಹೆಸರನ್ನು ಮಾತ್ರ, ಅದೂ ನಮ್ಮದೇ ವಿಶ್ರಾಂತಿಯ ಸಮಯದಿಂದ ಕಿತ್ತು.

ದಿನಕ್ಕೆ ಹತ್ತು ನಿಮಿಷ ಯಾರಿಗೆ ಸಿಗುವುದಿಲ್ಲ ಎಂದು ಕೇಳುವವರಿದ್ದಾರೆ. ಸಂಡಾಸಿಗೆ ಹೋಗಬೇಕಾದರೂ ಬದಲಿಗೆ ಒಬ್ಬರನ್ನು ನಿಲ್ಲಿಸಿ ಹೋಗಬೇಕಾದ ನಿಗಾ ವಾರ್ಡಿನಲ್ಲಿ ಅವರು ಒಂದು ಪಾಳಿ ಕಳೆದಿದ್ದರೆ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣ ಪಟ್ಟಿಯಾದ ಐಸಿಡಿ-11 ಬರ್ನ್‌ಔಟನ್ನು ಕಾಯಿಲೆಯೆಂದು ಕರೆದಿಲ್ಲ. ಸರಿಯಾಗಿ ನಿಭಾಯಿಸದೆ ಉಳಿದ, ಕೆಲಸದ ಜಾಗದ ದೀರ್ಘಕಾಲದ ಒತ್ತಡದ ಫಲವೆಂದಿದೆ. ಒತ್ತಡ ಹುಟ್ಟುವುದು ಕೆಲಸದಲ್ಲಿ ಎಂದಾದರೆ ಅದರ ಪರಿಹಾರಕ್ಕೂ ಕೆಲಸದ ಅವಧಿಯಲ್ಲೇ ಜಾಗವಿರಬೇಕು: ಡ್ಯೂಟಿ ಪಟ್ಟಿಯಲ್ಲಿ ಅದರ ಸಮಯ ನಮೂದಾಗಬೇಕು, ಅಷ್ಟು ಹೊತ್ತು ವಾರ್ಡ್ ನೋಡಿಕೊಳ್ಳಲು ಬದಲಿ ಸಿಬ್ಬಂದಿ ಇರಬೇಕು.

ನಾಳಿನ ಸಭೆಯಲ್ಲಿ ಇದನ್ನೇ ಬರೆದು ಕೊಡುತ್ತಿದ್ದೇನೆ. ಬೆಳಿಗ್ಗೆ ಬೈಸಿಕೊಂಡ ಹುಡುಗಿಯೂ ಸಹಿ ಹಾಕುವೆನೆಂದಿದ್ದಾಳೆ.