ಬೀದಿ ಹೆಸರು ಸಾಕಾಗಲ್ಲ, ಪ್ಯಾರಿಷ್ ಯಾವುದು ಹೇಳಿ

ಬೆಳಿಗ್ಗೆ ಒಂದು ವಿಡಿಯೊ ನೋಡಿದಾಗಿನಿಂದ ತಲೆ ಕೆಟ್ಟಿದೆ. ನಮ್ಮ ಕಡೆಯ ಹುಡುಗನೇ, ಚೆನ್ನಾಗಿ ಮಾತಾಡುತ್ತಾನೆ. ಉತ್ತರ ಲಂಡನ್ನಿನ ಎಡ್ಮಂಟನ್‌ನಲ್ಲಿ ಸಿಲ್ವರ್ ಸ್ಟ್ರೀಟ್ ಅಂತ ಒಂದು ರೈಲು ನಿಲ್ದಾಣ ಇದೆ. ಅದರ ಬೋರ್ಡಿನ ಕೆಳಗೆ ನಿಂತು, ಶೇಕ್ಸ್‌ಪಿಯರ್ ಬಾಡಿಗೆಗೆ ಇದ್ದದ್ದು ಇಲ್ಲೇ ಅಂತ ಕೈ ತೋರಿಸುತ್ತಾನೆ. ನಿನಗೆ ಇಷ್ಟ ಆಗುತ್ತೆ ಅಂತ ಸ್ನೇಹಿತರು ಅದನ್ನು ನನಗೆ ಕಳಿಸಿದ್ದಾರೆ. ಇಷ್ಟ ಆಗಲಿಲ್ಲ. ಸಿಟ್ಟು ಬಂತು.

ಶೇಕ್ಸ್‌ಪಿಯರ್ ಇದ್ದ ಸಿಲ್ವರ್ ಸ್ಟ್ರೀಟ್ ಅಲ್ಲಿಂದ ಹತ್ತು ಕಿಲೋಮೀಟರಿಗೂ ಜಾಸ್ತಿ ದಕ್ಷಿಣಕ್ಕೆ, ಸಿಟಿ ಅಂತ ಕರೆಯುವ ಹಳೇ ಲಂಡನ್ನಿನ ಗೋಡೆಯ ಒಳಗೆ ಇತ್ತು. ನನ್ನ ಆಫೀಸು ಇರೋದು ಮೂರ್‌ಗೇಟಿನಲ್ಲಿ, ಅಲ್ಲಿಂದ ನಡೆದೇ ಹೋಗಬಹುದು. ಆ ಬೀದಿ ಈಗ ಇಲ್ಲ. 1940ರ ಡಿಸೆಂಬರ್ 29ರ ರಾತ್ರಿ ಬಿದ್ದ ಬಾಂಬುಗಳಿಗೆ ಆ ಇಡೀ ಪ್ರದೇಶ ಸುಟ್ಟು ಹೋಯಿತು. ಯುದ್ಧ ಮುಗಿದ ಮೇಲೆ ಅದರ ಮೇಲೇ ಲಂಡನ್ ವಾಲ್ ಅನ್ನೋ ಅಗಲವಾದ ರಸ್ತೆ ಬಂತು. ಫೋನಿನ ನಕ್ಷೆಯಲ್ಲಿ ಹೆಸರು ಹಾಕಿದರೆ ಸಿಗೋದು ಎಡ್ಮಂಟನ್ನೇ. ಹುಡುಗ ಅಲ್ಲಿಗೇ ನಿಲ್ಲಿಸಿದ್ದಾನೆ.

ಒಂದೇ ಒಂದು ಪ್ರಶ್ನೆ ಕೇಳಿಕೊಂಡಿದ್ದರೆ ಸಾಕಿತ್ತು: ಯಾವ ಪ್ಯಾರಿಷ್? ಆ ಕಾಲದಲ್ಲಿ ಮನೆಗಳಿಗೆ ನಂಬರ್ ಇರಲಿಲ್ಲ. ಒಂದೇ ಹೆಸರಿನ ಬೀದಿಗಳು ಬೇಕಾದಷ್ಟು ಇದ್ದವು. ಮನುಷ್ಯನ ವಿಳಾಸ ಅಂದರೆ ಅವನ ಪ್ಯಾರಿಷ್, ಅಂದರೆ ಒಂದು ಚರ್ಚಿಗೆ ಸೇರಿದ ಗಡಿಯ ಒಳಗಿನ ಮನೆಗಳು. ಲಂಡನ್ ಗೋಡೆಯ ಒಳಗೇ ಇಂಥವು 90ಕ್ಕೂ ಹೆಚ್ಚಿದ್ದವು, ಎಷ್ಟೋ ಪ್ಯಾರಿಷ್‌ಗಳು ನಾಲ್ಕೈದು ಬೀದಿಯಷ್ಟೇ ದೊಡ್ಡವು. 1538ರಲ್ಲಿ ರಾಜ ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಮಾಡಿದ ಆಜ್ಞೆಯಿಂದ ಪ್ರತಿ ಪ್ಯಾರಿಷ್ಷೂ ದೀಕ್ಷಾಸ್ನಾನ, ಮದುವೆ, ಹೂಳಿದ್ದು, ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಡಬೇಕಾಯಿತು. ತೆರಿಗೆ ಪಟ್ಟಿಯೂ ಪ್ಯಾರಿಷ್ ಲೆಕ್ಕದಲ್ಲೇ. ಶೇಕ್ಸ್‌ಪಿಯರ್ ಸಿಲ್ವರ್ ಸ್ಟ್ರೀಟಿಗೆ ಬರೋ ಮುಂಚೆ ಸಿಟಿಯಲ್ಲೇ ಬಿಷಪ್ಸ್‌ಗೇಟಿನ ಕಡೆ ಇದ್ದ ಅಂತ ನಮಗೆ ಹೇಗೆ ಗೊತ್ತು? 1597ರಲ್ಲಿ ತೆರಿಗೆ ಕಟ್ಟದವರ ಪಟ್ಟಿಯಲ್ಲಿ, ಸೇಂಟ್ ಹೆಲೆನ್ಸ್ ಪ್ಯಾರಿಷ್ ಅಡಿಯಲ್ಲಿ, ಅವನ ಹೆಸರಿನ ಮುಂದೆ 5 ಶಿಲಿಂಗ್ ಬಾಕಿ ಅಂತಿದೆ. ಬೀದಿ ಹೆಸರೇ ಇಲ್ಲ. ಪ್ಯಾರಿಷ್ ಇದೆ, ಅಷ್ಟು ಸಾಕು.

ಸಿಲ್ವರ್ ಸ್ಟ್ರೀಟಿನ ಕತೆ ಇನ್ನೂ ಚೆಂದ. ಅಮೆರಿಕದ ಸಾಹಿತ್ಯ ವಿದ್ವಾಂಸ ಚಾರ್ಲ್ಸ್ ವಿಲಿಯಂ ವಾಲೇಸ್ ಮತ್ತು ಅವರ ಹೆಂಡತಿ ಹುಲ್ಡಾ ಲಂಡನ್ನಿಗೆ ಬಂದು, ಸರ್ಕಾರಿ ದಫ್ತರದಲ್ಲಿ ಕೂತು, ಯಾರೂ ಬಿಚ್ಚದ ಹಳೇ ಕೋರ್ಟ್ ಕಟ್ಟುಗಳನ್ನು ಒಂದೊಂದಾಗಿ ಓದಿದರು. 1909ರಲ್ಲಿ ಒಂದು ವರದಕ್ಷಿಣೆ ಜಗಳ ಸಿಕ್ಕಿತು. ಕ್ರಿಸ್ಟೋಫರ್ ಮೌಂಟ್‌ಜಾಯ್ ಅಂತ ಒಬ್ಬ ಫ್ರೆಂಚ್ ಮೂಲದವನು, ಹೆಂಗಸರ ತಲೆಯ ಅಲಂಕಾರಗಳನ್ನು ಮಾಡುವ ಕಸುಬು. ಮಗಳು ಮೇರಿಯನ್ನು ತನ್ನ ಹತ್ತಿರ ಕೆಲಸ ಕಲಿತ ಸ್ಟೀಫನ್ ಬೆಲಟ್‌ಗೆ ಕೊಟ್ಟ. 60 ಪೌಂಡ್ ಕೊಡುತ್ತೇನೆ ಅಂದಿದ್ದ, ಕೊಡಲಿಲ್ಲ ಅಂತ ಅಳಿಯ ಕೋರ್ಟಿಗೆ ಹೋದ. 1612ರ ಮೇ ತಿಂಗಳಲ್ಲಿ ಸಾಕ್ಷಿ ಹೇಳಲು ಬಂದವನು ಆ ಮನೆಯಲ್ಲಿ ಹಿಂದೆ ಬಾಡಿಗೆಗಿದ್ದ ಶೇಕ್ಸ್‌ಪಿಯರ್. ಹುಡುಗನನ್ನು ಮದುವೆಗೆ ಒಪ್ಪಿಸಿದ್ದು ಅವನೇ! ಆದರೆ ಎಷ್ಟು ದುಡ್ಡು ಅಂತ ಕೇಳಿದರೆ ನೆನಪಿಲ್ಲ ಅಂದುಬಿಟ್ಟ. ಕೆಳಗೆ ಅವನ ಸಹಿ ಇದೆ, ಪೂರ್ತಿ ಹೆಸರು ಬರೆಯದೆ ಮೊಟಕು ಮಾಡಿದ ಸಹಿ. ಈಗ ಉಳಿದಿರುವ ಆರು ಸಹಿಗಳಲ್ಲಿ ಅದೂ ಒಂದು.

ಈಗ ಪ್ಯಾರಿಷ್ ಪುಸ್ತಕಕ್ಕೆ ಬನ್ನಿ. ಸಿಲ್ವರ್ ಸ್ಟ್ರೀಟಿನ ಸೇಂಟ್ ಒಲೇವ್ ಚರ್ಚಿನ ದಾಖಲೆಯಲ್ಲಿ ಮೇರಿ ಮತ್ತು ಸ್ಟೀಫನ್ ಮದುವೆ ಇದೆ: 1604ರ ನವೆಂಬರ್ 19. ಎರಡು ವರ್ಷಕ್ಕೆ ಅದೇ ಪುಸ್ತಕದಲ್ಲಿ ಮೇರಿಯ ತಾಯಿಯನ್ನು ಹೂಳಿದ ದಿನವೂ ಇದೆ. ಕೋರ್ಟ್ ಕಾಗದ ಒಂದು ಕಡೆ, ಚರ್ಚ್ ಪುಸ್ತಕ ಇನ್ನೊಂದು ಕಡೆ, ಎರಡೂ ಒಂದೇ ಕುಟುಂಬವನ್ನು ತೋರಿಸುತ್ತವೆ. ನಿಜ ಹೇಳಬೇಕಂದ್ರೆ ನನಗೆ ಶೇಕ್ಸ್‌ಪಿಯರ್‌ಗಿಂತ ಈ ಮೇರಿಯೇ ಜಾಸ್ತಿ ಕಾಡುತ್ತಾಳೆ. ಮದುವೆಯಾದ ಎರಡೇ ವರ್ಷಕ್ಕೆ ತಾಯಿ ಹೋದಳು, ಆಮೇಲೆ ಅಪ್ಪನೂ ಗಂಡನೂ ದುಡ್ಡಿಗೆ ಕಿತ್ತಾಡಿದರು. ಅವಳ ಬದುಕಿನ ಇಷ್ಟಾದರೂ ನಮಗೆ ಗೊತ್ತಿರೋದು ಒಬ್ಬ ಗುಮಾಸ್ತ ಅವತ್ತು ಎರಡು ಸಾಲು ಬರೆದಿದ್ದರಿಂದ. ಅಂಥವಳ ಬೀದಿಯನ್ನು ಎತ್ತಿ ಎಡ್ಮಂಟನ್‌ಗೆ ಹಾಕಿದರೆ ಹೊಟ್ಟೆ ಉರಿಯಲ್ವಾ?

1666ರ ಲಂಡನ್ನಿನ ಮಹಾ ಬೆಂಕಿಯಲ್ಲಿ ಸೇಂಟ್ ಒಲೇವ್ ಚರ್ಚ್ ಸುಟ್ಟು ಹೋಯಿತು, ಮತ್ತೆ ಕಟ್ಟಲಿಲ್ಲ. ಆದರೆ ಪುಸ್ತಕ ಉಳಿಯಿತು, ಪ್ಯಾರಿಷ್ಷೂ ಉಳಿಯಿತು. ಪಕ್ಕದ ವುಡ್ ಸ್ಟ್ರೀಟಿನ ಸೇಂಟ್ ಆಲ್ಬನ್ ಜೊತೆ ಸೇರಿಸಿದರು. ಆ ಸೇಂಟ್ ಆಲ್ಬನ್ ಕೂಡ 1940ರಲ್ಲಿ ಹೋಯಿತು. ಅದರ ಗೋಪುರ ಮಾತ್ರ ಈಗಲೂ ರಸ್ತೆಯ ನಟ್ಟನಡುವೆ ನಿಂತಿದೆ, ಟ್ಯಾಕ್ಸಿಗಳು ಎರಡೂ ಬದಿಯಿಂದ ಸುತ್ತಿಕೊಂಡು ಹೋಗುತ್ತವೆ. ಸಿಟಿಯ ಹಳೇ ಕಟ್ಟಡಗಳ ಗೋಡೆಗಳನ್ನು ತಲೆ ಎತ್ತಿ ನೋಡಿದರೆ ಅಂಗೈಯಗಲದ ಲೋಹದ ಫಲಕಗಳು ಕಾಣುತ್ತವೆ. ಚರ್ಚಿನ ಹೆಸರಿನ ಮೊದಲಕ್ಷರ, ಕೆಳಗೆ ಒಂದು ಇಸವಿ. ಒಂದು ಪ್ಯಾರಿಷ್ ಮುಗಿದು ಇನ್ನೊಂದು ಶುರುವಾಗುವ ಗುರುತು ಅದು. ಬಾಂಬು ಬಿದ್ದ ಊರಲ್ಲೂ ಇಷ್ಟು ಸುಳಿವು ಇದೆ.

ಹಾಗಂದ್ರೆ ಕೆಲವರು, "ಏನೋ ಒಂದು ಸಿಲ್ವರ್ ಸ್ಟ್ರೀಟ್, ಹುಡುಗ ಸಾಹಿತ್ಯದ ಬಗ್ಗೆ ಮಾತಾಡಿದನಲ್ಲ, ಬಿಡಿ" ಅಂತಾರೆ. ಬಿಡಲ್ಲ. ನೋಡಿದವರು ಅದನ್ನೇ ನಿಜ ಅಂತ ಮಕ್ಕಳಿಗೆ ಹೇಳುತ್ತಾರೆ. ಇನ್ನು ಕೆಲವರು ಈಗ ಎಲ್ಲಾ ಆನ್‌ಲೈನ್ ಇದೆ, ಹೆಸರು ಹಾಕಿದರೆ ಬರುತ್ತೆ ಅಂತಾರೆ. ಬರುತ್ತೆ, ಆದರೆ ಏನು ಬರುತ್ತೆ ಅಂತ ನೋಡಿದ್ರಲ್ಲ. ವಂಶವೃಕ್ಷ ಮಾಡುವವರೂ ಇದನ್ನೇ ಮಾಡುತ್ತಾರೆ. ಸುಮ್ನೆ ಹೆಸರು ಹೊಂದಿದ ಕೂಡಲೇ ಯಾರದ್ದೋ ಅಜ್ಜನನ್ನು ತಮ್ಮ ಮನೆಗೆ ಸೇರಿಸಿಕೊಳ್ಳುತ್ತಾರೆ. ಪ್ಯಾರಿಷ್ ಹೊಂದುತ್ತಾ ಅಂತ ನೋಡೋದೇ ಇಲ್ಲ. ಇಸವಿಯ ವಿಷಯವೂ ಹಾಗೇ. 1752ಕ್ಕೆ ಮುಂಚೆ ಇಂಗ್ಲೆಂಡಿನಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ, ಹಾಗಾಗಿ ಪುಸ್ತಕದ ಜನವರಿ 1604 ನಮ್ಮ ಲೆಕ್ಕಕ್ಕೆ 1605. ಇದೆಲ್ಲ ಮೂಲ ಪುಟ ತೆರೆದು ನೋಡಿದವರಿಗೆ ಮಾತ್ರ ತಿಳಿಯೋದು.

ಹುಡುಗನಿಗೆ ಇದನ್ನೆಲ್ಲ ಬರೆದು ಕಳಿಸಿದ್ದೇನೆ, ಉತ್ತರ ಬಂದಿಲ್ಲ. ಲಂಡನ್ನಿಗೆ ಬರುವವರು ಯಾರಿದ್ದರೂ ಹೇಳಿ. ಸೇಂಟ್ ಪಾಲ್ಸ್ ಸ್ಟೇಷನ್ನಲ್ಲಿ ಇಳಿದು ನೋಬಲ್ ಸ್ಟ್ರೀಟ್ ಹಿಡಿದು ಬಂದರೆ, ಲಂಡನ್ ವಾಲ್ ಸೇರುವ ಕಡೆ ಒಂದು ಪುಟ್ಟ ತೋಟ ಇದೆ. ಸೇಂಟ್ ಒಲೇವ್ ಇದ್ದದ್ದು ಅಲ್ಲೇ, 1666ರಲ್ಲಿ ಸುಟ್ಟ ಚರ್ಚ್ ಇದು ಅಂತ ಕಲ್ಲಿನ ಮೇಲೇ ಕೆತ್ತಿದ್ದಾರೆ. ಶನಿವಾರ ಆದರೆ ನಾನೇ ಕರೆದುಕೊಂಡು ಹೋಗುತ್ತೇನೆ. ವಿಡಿಯೊ ಬೇಕಿದ್ದರೆ ಅಲ್ಲಿ ಮಾಡಿ.